ಲಾರಿಯ ನಡುಕಕ್ಕೆ ಕೊಳವೆ ಹುಡುಕಿದ್ದು

ಎದುರು ಮನೆ ಹುಡುಗ ಜೀಪಿಗೆ ನನ್ನ ಸೊಂಟದೆತ್ತರದ ಚಕ್ರ ಹಾಕಿಸಿಕೊಂಡು ಬಂದ. ಬಂದವನು ನಗ್ತಾ ಇದ್ದ. ನನಗೆ ಅಲ್ಲೇ ಅನುಮಾನ. ಅಷ್ಟು ದೊಡ್ಡ ಚಕ್ರ ಹಾಕಿಸಿದವರು ಅಷ್ಟು ಸುಖವಾಗಿ ನಗೋಕೆ ಸಾಧ್ಯವೇ ಇಲ್ಲ, ಏನೋ ಮುಚ್ಚಿಡ್ತಿದ್ದಾನೆ ಅಂದುಕೊಂಡೆ.

“ಹೆಂಗಿದೆ ಅಜ್ಜಿ?” ಅಂದ.

“ಚೆನ್ನಾಗಿದೆ. ಸ್ಟೇರಿಂಗ್ ಎಷ್ಟು ನಡುಗ್ತದೆ?” ಅಂದೆ.

ನಗು ನಿಂತುಹೋಯ್ತು. “ನಿಮಗೆ ಹೆಂಗೆ ಗೊತ್ತಾಯ್ತು?” ಅಂತ ಸುತ್ತಮುತ್ತ ನೋಡಿದ, ಯಾರೋ ಚಾಡಿ ಹೇಳಿದ್ದಾರೇನೋ ಅನ್ನೋ ಹಾಗೆ. ಆಮೇಲೆ ತಾನಾಗೇ ಬಾಯಿಬಿಟ್ಟ. ಸ್ವಲ್ಪ ಜೋರಾಗಿ ಹೋದರೆ ಸ್ಟೇರಿಂಗು ಕೈಯಲ್ಲಿ ಕುಣೀತದಂತೆ. ಅದಕ್ಕೆ ಸ್ಟೆಬಿಲೈಜರ್ ಅಂತ ಒಂದು ಬರ್ತದಂತೆ. ಒಂದು ಹಾಕಿಸೋದೋ ಎರಡೋ, ಎಣ್ಣೆಯದ್ದೋ ಗ್ಯಾಸಿನದ್ದೋ ಅಂತ ರಾತ್ರಿ ನಿದ್ದೆ ಇಲ್ಲವಂತೆ. ಫೋನಿನಲ್ಲಿ ಚಿತ್ರ ತೋರಿಸಿದ. ಕೆಂಪು ಬಣ್ಣದ ಕೊಳವೆ, ಒಂದು ತುದಿಯಿಂದ ಹೊಳೆಯೋ ಸರಳು ಹೊರಗೆ ಬಂದಿದೆ.

“ಎಳೆದು ತಳ್ಳಿ ನೋಡಿದ್ಯಾ?”

“ಆನ್‌ಲೈನಲ್ಲಿ ಹೆಂಗಜ್ಜಿ ತಳ್ಳಿ ನೋಡೋದು?”

“ಹಾಗಾದ್ರೆ ಅದು ಬೇಡ” ಅಂದು ಒಳಗೆ ಬಂದೆ. ಬಂದವಳು ಅನ್ನಕ್ಕಿಡೋದು ಮರೆತು ಅಡುಗೆಮನೆ ಕಿಟಕಿಯಲ್ಲಿ ನಿಂತೇ ಬಿಟ್ಟೆ. ಸಾಗರದ ಗ್ಯಾರೇಜೊಂದರಲ್ಲಿ ಸೀರೆ ಸೆರಗು ಸಿಕ್ಕಿಸಿಕೊಂಡು, ಅಂಥದ್ದೇ ಕೊಳವೆಯ ಒಂದು ತುದಿಯನ್ನ ಕಾಲಲ್ಲಿ ಮೆಟ್ಟಿ ಎಳೀತಿದ್ದ ಒಬ್ಬಳು ಹೆಂಗಸು ನೆನಪಾದಳು. ಅವಳು ನಾನೇ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು.

ಅನುಮಾನ ನನಗೆ ತವರಿನಿಂದ ಬಂದದ್ದು. ಕವಲೇದುರ್ಗದ ಬುಡದಲ್ಲಿ ನಮ್ಮ ತವರು. ಅಲ್ಲಿ ನನ್ನನ್ನ ಬೆಳೆಸಿದವಳು ಅಜ್ಜಿ. ನೀರಾಗಿರೋ ಜೋನಿ ಬೆಲ್ಲದ ಡಬ್ಬಿ ಮನೆಗೆ ಬಂದರೆ ಅಜ್ಜಿ ಮೇಲಿನದ್ದು ನೆಕ್ಕಿ ನೋಡ್ತಿರಲಿಲ್ಲ. ತೆಂಗಿನ ಹಿಡಿಕಡ್ಡಿಯನ್ನ ತಳ ಮುಟ್ಟೋವರೆಗೆ ಇಳಿಸಿ, ತುದಿಗೆ ಹತ್ತಿದ್ದನ್ನ ನೆಕ್ಕೋಳು. “ಮೇಲೆ ಎಲ್ಲರೂ ಒಳ್ಳೇದೇ ಹಾಕ್ತಾರೆ” ಅನ್ನೋಳು. ಬಳೆಗಾರ ಬಂದರೆ ಬಳೆಯನ್ನ ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟೋಳು. ಮಡಕೆಯವಳ ಹತ್ತಿರ ಮಡಕೆಯನ್ನ ತಲೆಕೆಳಗೆ ಮಾಡಿ ಬಿಸಿಲಿಗೆ ಹಿಡಿದು ಒಳಗೆ ತಲೆ ತೂರಿಸೋಳು. ಒಂದು ಸಲ ತಲೆ ಸಿಕ್ಕಿಕೊಂಡು ಮಡಕೆ ಒಡೀಬೇಕಾಯ್ತು. “ನೋಡಿದ್ಯಾ, ಬಾಯಿ ಸಣ್ಣದು, ನನಗೆ ಆಗ್ಲೇ ಅನುಮಾನ ಇತ್ತು” ಅಂದಳು, ಸೋಲು ಒಪ್ಪಿಕೊಂಡವಳೇ ಅಲ್ಲ.

ನನ್ನನ್ನ ನೋಡೋಕೆ ಗಂಡು ಬಂದದ್ದು ಲಾರಿಯಲ್ಲಿ. ಮದುವೆ ಮಾತಿಗೆ ಲಾರಿ ತಂದವರನ್ನ ನಮ್ಮೂರು ಮೊದಲ ಸಲ ನೋಡಿದ್ದು. ಊರಿನವರೆಲ್ಲ ಗಂಡನ್ನ ಬಿಟ್ಟು ಲಾರಿ ನೋಡ್ತಿದ್ದರು. ಅಜ್ಜಿ ಮಾತ್ರ ಕೋಲೂರಿಕೊಂಡು ಹೋಗಿ ಲಾರಿಯ ಹಲಗೆ ತಟ್ಟಿ ನೋಡಿ, “ಇದು ನಿಂದಾ, ಇವತ್ತಿಗೆ ಮಾತ್ರ ಕೇಳಿ ತಂದದ್ದಾ?” ಅಂತ ಕೇಳಿಬಿಟ್ಟಳು. ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿರಬೇಕು. ಗಂಡು ಮಾತ್ರ ಒಂಚೂರೂ ಬೇಜಾರು ಮಾಡಿಕೊಳ್ಳದೆ, “ನಂದೇ ಅಜ್ಜಿ. ಹತ್ತಿ ಕೂತ್ಕೊಳ್ಳಿ, ಒಂದು ಸುತ್ತು ಕರ್ಕೊಂಡು ಹೋಗ್ತೀನಿ” ಅಂದರು. ಅಜ್ಜಿ ಹತ್ತಿದಳು. ವಾಪಸ್ ಬಂದು ಇಳಿದವಳು ನನ್ನ ಕಿವಿಯಲ್ಲಿ, “ತಿರುವಿನಲ್ಲಿ ಮೈ ಅಲುಗಾಡ್ಲಿಲ್ಲ ಕಣೆ. ಇವನಿಗೆ ಕೊಡಬಹುದು” ಅಂದಳು. ಅಜ್ಜಿ ಯಾವುದನ್ನಾದರೂ ಒಂದೇ ಸಲಕ್ಕೆ ಒಪ್ಪಿದ್ದು ನನಗೆ ಗೊತ್ತಿರೋ ಹಾಗೆ ಅದೊಂದೇ.

ಹಾಗೆ ನಾನು ಹೊಸನಗರಕ್ಕೆ ಬಂದೆ. ನಮ್ಮವರು (ಹೆಸರು ಹೇಳೋ ರೂಢಿ ನನಗಿಲ್ಲ, ಈ ವಯಸ್ಸಿನಲ್ಲಿ ಶುರು ಮಾಡೋದೂ ಬೇಡ) ಗದ್ದೆ ತೋಟ ನೋಡಿಕೊಳ್ಳೋದನ್ನ ಅಣ್ಣನಿಗೆ ಬಿಟ್ಟು ಲಾರಿ ಹಿಡಿದವರು. ಮಿಲಿಟರಿಯವರು ಹರಾಜು ಹಾಕಿದ ಹಳೇ ಲಾರಿ. ಅರವತ್ತರ ದಶಕ ಅದು. ಶರಾವತಿಗೆ ಅಣೆಕಟ್ಟು ಏಳ್ತಾ ಇತ್ತು. ಮುಳುಗಡೆ ಆಗೋ ಕಾಡಿನಿಂದ ದಿಮ್ಮಿ ಎಳೆಯೋ ಕೆಲಸ ಎಷ್ಟು ಬೇಕಾದರೂ ಇತ್ತು. ಇವರು ತುಂಬಿಸಿಕೊಂಡು ಹುಲಿಕಲ್ ಘಟ್ಟ ಇಳಿದು ಸಮುದ್ರದ ಕಡೆ ಹೋಗೋರು.

ಇವರ ಕೈ ಅಂಥದ್ದು. ಘಟ್ಟದಲ್ಲಿ ಮಂಜು ಮುಸುಕಿದರೆ ಬೇರೆ ಲಾರಿಯವರು ಗಾಡಿ ನಿಲ್ಲಿಸಿಕೊಂಡು ಇವರಿಗಾಗಿ ಕಾಯೋರಂತೆ. ಇವರ ಹಿಂದಿನ ದೀಪ ನೋಡಿಕೊಂಡು ಸಾಲಾಗಿ ಇಳಿಯೋದು. ಇದನ್ನ ಇವರೇ ಹೇಳಿದ್ದರೆ ನಾನು ನಂಬ್ತಿರಲಿಲ್ಲ. ಆ ಲಾರಿಯವರೇ ನಮ್ಮನೆ ಜಗಲಿಯಲ್ಲಿ ಕೂತು ಕಾಫಿ ಕುಡೀತಾ ಹೇಳೋರು. ಇವರು ಆಗ ಎಲೆ ಅಡಿಕೆಯ ಕವಳ ಕಟ್ಟಿಕೊಳ್ತಾ ಕೂರೋರು, ಆದರೆ ಕಿವಿ ಎರಡೂ ಅಲ್ಲೇ ಇರ್ತಿತ್ತು.

ತೊಂದರೆ ಶುರುವಾದದ್ದು ದೊಡ್ಡ ಟಯರಿನಿಂದ. ಕಾಡಿನ ದಾರಿಯಲ್ಲಿ ದಿಮ್ಮಿ ಗಾಡಿಗಳು ಓಡಾಡಿ ಮೊಣಕಾಲುದ್ದದ ಗುಂಡಿ. ಇವರಿಗೆ ಯಾರೋ ಹೇಳಿದರಂತೆ, ಲಾರಿಗೆ ಬಂದದ್ದಕ್ಕಿಂತ ದೊಡ್ಡ ಟಯರ್ ಹಾಕಿಸಿದರೆ ಎಂಥ ಕೆಸರಲ್ಲೂ ಹೂತುಕೊಳ್ಳೋದಿಲ್ಲ ಅಂತ. ಹೇಳಿದವರು ಯಾರು, ಅವರಿಗೆ ಇದರಲ್ಲಿ ಏನು ಲಾಭ ಅಂತೆಲ್ಲ ಕೇಳಬೇಕಲ್ವಾ? ಊಹೂಂ. ನಮ್ಮವರು ಯಾರು ಏನು ಹೇಳಿದರೂ ನಂಬೋ ಜಾತಿ. ಸಂತೆಯಿಂದ ಬದನೆಕಾಯಿ ತಂದರೆ ಅರ್ಧ ಹುಳ. ಟಯರನ್ನೂ ಹಾಗೇ ತಂದರು. ಅದು ಮಡ್‌ಗಾರ್ಡಿಗೆ ತಾಗಿತು. ಗರಗಸ ಹಾಕಿ ಮಡ್‌ಗಾರ್ಡಿನ ಅಂಚು ಕತ್ತರಿಸಿದರು. ಕೆಸರು ದಾಟೋಕೆ ಸೀರೆ ಎತ್ತಿ ಕಟ್ಟಿದ ಹೆಂಗಸಿನ ಹಾಗೆ ನಿಂತಿತ್ತು ನಮ್ಮ ಲಾರಿ. ಕೆಸರಿನಲ್ಲಿ ಹೂತುಕೊಳ್ಳಲಿಲ್ಲ, ಅದು ನಿಜ. ಆದರೆ ಟಾರು ರಸ್ತೆಗೆ ಬಂದು ಸ್ವಲ್ಪ ವೇಗ ಹಿಡಿದರೆ ಸಾಕು, ಮುಂದಿನ ಚಕ್ರ ಅತ್ತಿತ್ತ ಬಡಕೊಂಡು ಸ್ಟೇರಿಂಗು ಕೈಯಲ್ಲಿ ಗಡಗಡ ನಡುಗೋದು.

ಸ್ವಲ್ಪ ದಿನದಲ್ಲೇ ಆ ನಡುಕ ಮನೆಯೊಳಗೆ ಬಂತು. ಇವರ ಕೈ ನಡುಗೋಕೆ ಶುರುವಾಯ್ತು. ಲೋಟ ಹಿಡಿದರೆ ಕಾಫಿ ಚೆಲ್ಲೋದು. ಎಲೆಗೆ ಸುಣ್ಣ ಹಚ್ಚೋಕೆ ಹೋದರೆ ಅರ್ಧ ಬೆರಳಿಗೆ, ಅರ್ಧ ಪಂಚೆಗೆ. ಮದುವೆಯಾದ ಹೊಸದರಲ್ಲಿ ನನಗೂ ಕವಳ ಕಟ್ಟಿಕೊಟ್ಟು ಮೆರೆದವರು, ಈಗ ಅಡಕತ್ತರಿ ಮುಟ್ಟದೆ, “ಕುಟ್ಟಿ ಕೊಡೇ, ಹಲ್ಲು ನೋವು” ಅನ್ನೋಕೆ ಶುರುಮಾಡಿದರು. ಅದೇ ಹಲ್ಲಲ್ಲಿ ಹಲಸಿನ ಬೀಜ ಕಡೀತಿದ್ದರು! ಗಡ್ಡ ತೆಗೆಯೋಕೆ ಮನೆಯಲ್ಲೇ ಕೂರ್ತಿದ್ದವರು ಕ್ಷೌರದಂಗಡಿಗೆ ಹೋಗೋಕೆ ಶುರುಮಾಡಿದರು.

ಅತ್ತೆಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ಸ್ಟೇರಿಂಗಿನ ನಡುಕ ಕೈಗೆ ಹತ್ತಿದೆ, ಅಷ್ಟೆ” ಅಂದರು. ಲಾರಿ ಮನೆಗಳಲ್ಲಿ ಆಗ ಎಲ್ಲರ ನಂಬಿಕೆ ಅದೇ. ಗಾಡಿಯ ನಡುಕ ಕೈಗೆ ಹತ್ತುತ್ತದೆ, ಗಾಡಿ ರಿಪೇರಿ ಆದರೆ ಕೈಯೂ ರಿಪೇರಿ ಆಗ್ತದೆ. ಜಗಲಿಗೆ ಬರೋ ಲಾರಿಯವರೂ ತಲೆ ಅಲ್ಲಾಡಿಸಿ, “ಹೌದೌದು, ನಂಗೂ ಒಂದ್ಸಲ ಆಗಿತ್ತು” ಅಂದರು. ಡಾಕ್ಟರ ಹತ್ತಿರ ಹೋಗೋ ಯೋಚನೆ ಒಬ್ಬರಿಗೂ ಬರಲಿಲ್ಲ. ಮಗನ ಕೈಗೆ ಅತ್ತೆಮ್ಮ ಬಿಸಿ ಎಣ್ಣೆ ತಿಕ್ಕೋರು, ಅಂಗಳದಲ್ಲಿ ಕ್ಲೀನರು ಲಾರಿಗೆ ಗ್ರೀಸು ತುಂಬೋನು. ಎರಡು ಚಿಕಿತ್ಸೆಯೂ ಒಟ್ಟಿಗೇ ನಡೀತಿತ್ತು.

ನಾನು ಮಾತ್ರ ನಂಬಲಿಲ್ಲ. ನನ್ನ ಅನುಮಾನವೇ ಬೇರೆ. ಕೈ ನಡುಗ್ತದೆ ಅಂದರೆ ಕುಡಿತ ಅಂತ ನನ್ನ ಲೆಕ್ಕ. ಬಂದ ಕೂಡಲೇ ಅಂಗಿ ಇಸಿದುಕೊಂಡು ಒಗೆಯೋ ನೆಪದಲ್ಲಿ ಮೂಸೋಳು. ಡೀಸೆಲ್ಲು, ಬೆವರು, ಬೀಡಿ. ಬೇರೇನೂ ಇಲ್ಲ. ಸೀಟಿನ ಕೆಳಗೆ ಹುಡುಕಿದೆ. ಹಗ್ಗ, ಜ್ಯಾಕು, ಒಣಗಿದ ಕಿತ್ತಳೆ ಸಿಪ್ಪೆ. ಮಾತಾಡಿಸೋ ನೆಪದಲ್ಲಿ ಮುಖದ ಹತ್ತಿರ ಹೋದರೆ, “ಎಂತದು ಮಾರಾಯ್ತಿ, ಇತ್ತೀಚೆಗೆ ಪ್ರೀತಿ ಜಾಸ್ತಿ ಆಗಿದೆ!” ಅಂತ ನಗೋರು.

ಆಮೇಲೆ ಒಂದು ಹಬ್ಬಕ್ಕೆ ನೆಂಟರು ಬಂದರು. ಅಪರೂಪಕ್ಕೆ ಇವರೂ ಅವರ ಜೊತೆ ಹಿತ್ತಲಿಗೆ ಹೋಗಿ ಒಂದಿಷ್ಟು ಹಾಕಿಕೊಂಡು ಬಂದರು. ವಾಸನೆ ಮನೆ ತುಂಬ. ಸಿಕ್ಕಿಬಿದ್ದರು ಅಂತ ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. ನೋಡ್ತೀನಿ, ಕೈ ನೆಟ್ಟಗಿದೆ! ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಕತ್ತರಿಸಿದರು, ಒಂದು ಚೂರೂ ಆಚೀಚೆ ಬೀಳಲಿಲ್ಲ. ಮಾರನೇ ಬೆಳಿಗ್ಗೆ ಮತ್ತೆ ಗಡಗಡ. ಕುಡಿದರೆ ನೆಟ್ಟಗೆ, ಕುಡಿಯದಿದ್ದರೆ ನಡುಕ. ನನ್ನ ಅನುಮಾನಕ್ಕೆ ನಿಲ್ಲೋಕೆ ನೆಲವೇ ಇಲ್ಲದ ಹಾಗಾಯ್ತು. ಅನುಮಾನದವರಿಗೆ ಇದಕ್ಕಿಂತ ಕಷ್ಟ ಇನ್ನೊಂದಿಲ್ಲ, ನಿಮಗೂ ಆ ಅಭ್ಯಾಸ ಇದ್ದರೆ ಗೊತ್ತಿರ್ತದೆ.

ಇತ್ತ ನನಗೆ ಹೆದರಿಕೆ ಹೊಕ್ಕಿತ್ತು. ಇವರು ಘಟ್ಟಕ್ಕೆ ಹೋದ ದಿನ ನನಗೆ ಊಟ ಸೇರ್ತಿರಲಿಲ್ಲ. ಹುಲಿಕಲ್ಲಿನ ತಿರುವುಗಳು, ಹಿಂದೆ ದಿಮ್ಮಿಯ ಭಾರ, ಮುಂದೆ ನಡುಗೋ ಸ್ಟೇರಿಂಗು, ಅದನ್ನ ಹಿಡಿದ ನಡುಗೋ ಕೈ. ಲಾರಿಯ ಹಾರನ್ನು ಕೇಳಿಸೋವರೆಗೆ ಬಾಗಿಲಿಗೂ ಒಲೆಗೂ ತಿರುಗ್ತಿದ್ದೆ. ಕಡೆಗೆ ನಾನೇ ಹಟ ಹಿಡಿದೆ: ಲಾರಿಯ ನಡುಕಕ್ಕೆ ಮದ್ದಿದ್ದರೆ ಮೊದಲು ಅದನ್ನ ಮಾಡಿಸಿ, ಆಮೇಲೆ ಘಟ್ಟ.

ಮದ್ದಿತ್ತು. ಡ್ಯಾಂಪರ್ ಅನ್ನೋರು ಗ್ಯಾರೇಜಿನವರು. ನಮ್ಮನೆಯಲ್ಲಿ ಅದು ಕೊಳವೆ. ಒಳಗೆ ಎಣ್ಣೆ ಇರ್ತದೆ, ಒಂದು ಸರಳು ಆಡ್ತದೆ. ಒಂದು ತುದಿ ಆಕ್ಸಲಿಗೆ, ಇನ್ನೊಂದು ತುದಿ ಎರಡು ಚಕ್ರವನ್ನ ಕೂಡಿಸೋ ರಾಡಿಗೆ. ಮೆಲ್ಲಗೆ ತಿರುಗಿಸಿದರೆ ಬಿಡ್ತದೆ, ಚಕ್ರ ಗಕ್ಕನೆ ಬಡಕೊಂಡರೆ ಎಣ್ಣೆ ಬಿಗಿ ಹಿಡಿದು ತಡೀತದೆ. ನಮ್ಮ ಕಡೆ ಆಗ ಹೊಸದು ಎಲ್ಲಿ ಸಿಗಬೇಕು? ಹಳೇ ಗಾಡಿಗಳಿಂದ ಬಿಚ್ಚಿದ್ದನ್ನೇ ನೋಡಿ ಆರಿಸಬೇಕು.

ಮೊದಲು ತೀರ್ಥಹಳ್ಳಿಯಲ್ಲಿ ಒಂದಿದೆ ಅಂತ ಗೊತ್ತಾಯ್ತು. ಇವರು ಹೋಗಿ ಬರಿಗೈಯಲ್ಲಿ ಬಂದರು. “ಹೊಸಾ ಕರೀ ಬಣ್ಣ ಹೊಡೆದಿಟ್ಟಿದ್ದಾನೆ. ಬಣ್ಣ ಎಂತಕ್ಕೆ ಹೊಡೀತಾರೆ ಹೇಳು? ಎಣ್ಣೆ ಸೋರಿದ ಕಲೆ ಮುಚ್ಚೋಕೆ” ಅಂದರು. ನನಗೆ ಖುಷಿಯಾಗಿ ಹೋಯ್ತು. ಕಡೆಗೂ ನನ್ನ ಸಹವಾಸದಿಂದ ಈ ಮನುಷ್ಯನಿಗೆ ಅನುಮಾನ ಪಡೋಕೆ ಬಂತಲ್ಲ ಅಂತ ಅವತ್ತು ಕಾಯಿಕಡುಬು ಮಾಡಿದೆ.

ಎರಡನೆಯದು ಹೊಸನಗರದಲ್ಲೇ ಸಿಕ್ಕಿತು. ಯಾವುದೋ ಬಸ್ಸಿನ ಸ್ಪ್ರಿಂಗಿನ ಪಕ್ಕ ಇರೋ ಶಾಕ್ ಅಬ್ಸಾರ್ಬರನ್ನೇ ಕಿತ್ತು ತುದಿಗೆ ವೆಲ್ಡಿಂಗ್ ಮಾಡಿಸಿದ್ದರು. ಮನೆಗೇ ತಂದು ತೋರಿಸಿದರು. ಇವರೇ ಹಿಡಿದು ಎಳೆದರು, ಬಿಗಿ. ತಳ್ಳಿದರು, ಸರ್ರನೆ ಒಳಗೆ ಹೋಯ್ತು. “ನೋಡೇ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ಇದನ್ನ ಹಾಕಿದ್ರೆ ಎಡಕ್ಕೆ ತಿರುಗಿಸೋದೊಂದು ಥರ, ಬಲಕ್ಕೆ ಇನ್ನೊಂದು ಥರ. ಘಟ್ಟದಲ್ಲಿ ಗತಿ ಏನು?” ಅಂದರು. ಮಾತು ಸರಿಯಾಗೇ ಇತ್ತು. ನಾನೂ ಎಳೆದು ತಳ್ಳಿ ನೋಡಿದೆ, ಹೌದು. ಆದರೆ ಕಾಯಿಕಡುಬು ಮಾಡಲಿಲ್ಲ. ಹುಳ ಬಿದ್ದ ಬದನೆಕಾಯಿ ತರೋ ಮನುಷ್ಯ ಇದ್ದಕ್ಕಿದ್ದ ಹಾಗೆ ಇಷ್ಟು ಜಾಣ ಆದದ್ದು ಹೇಗೆ ಅಂತ ಒಳಗೊಳಗೇ ಕೊರೆಯೋಕೆ ಶುರುವಾಗಿತ್ತು.

ಮೂರನೆಯದು ಸಾಗರದಲ್ಲಿ, ಇಮಾಮ್ ಸಾಬ್ರ ಗ್ಯಾರೇಜಿನಲ್ಲಿ. “ನಾನೂ ಬರ್ತೀನಿ” ಅಂದೆ.

“ಗ್ಯಾರೇಜಿಗೆ ಹೆಂಗಸರು ಎಂತಕ್ಕೆ ಬರೋದು?”

“ಸಾಗರದಲ್ಲಿ ನಂಗೆ ಬಳೆ ತಗೊಳ್ಳೋದಿದೆ” ಅಂದೆ. ಇವರಿಗೆ ಬೇರೆ ದಾರಿ ಇರಲಿಲ್ಲ.

ದಾರಿಯಲ್ಲಿ ಲಾರಿಯ ನಡುಕ ನನ್ನ ಹಲ್ಲಿಗೂ ತಟ್ಟಿತು. ಇವರು ಸ್ಟೇರಿಂಗನ್ನ ಬಿಗಿಯಾಗಿ ಅವುಚಿ ಹಿಡಿದಿದ್ದರು. ಕೈ ಎಲ್ಲಿ ಮುಗೀತದೆ ಸ್ಟೇರಿಂಗು ಎಲ್ಲಿ ಶುರುವಾಗ್ತದೆ ಅಂತ ಗೊತ್ತಾಗದಷ್ಟು ಎರಡೂ ಒಟ್ಟಿಗೇ ನಡುಗ್ತಿದ್ದವು.

ಇಮಾಮ್ ಸಾಬ್ರು ವಯಸ್ಸಾದವರು, ಹೆಚ್ಚು ಮಾತಿಲ್ಲ. ಗೋಣಿಯಲ್ಲಿ ಸುತ್ತಿಟ್ಟಿದ್ದ ಕೊಳವೆ ತೆಗೆದು ಮುಂದಿಟ್ಟರು. ಬಣ್ಣ ಹೊಡೆದಿರಲಿಲ್ಲ. ಧೂಳಿತ್ತು, ಸೋರಿದ ಕಲೆ ಇರಲಿಲ್ಲ. ದೊಡ್ಡ ಗಾಡಿಯ ಸ್ಟೇರಿಂಗಿನದ್ದೇ ಅಂತೆ. ನಮ್ಮವರು ಎಳೆದರು, ತಳ್ಳಿದರು. ಎರಡೂ ಕಡೆ ಒಂದೇ ಸಮ.

“ಉದ್ದ ಸಾಲದು ಸಾಬ್ರೇ. ಪೂರ್ತಿ ತಿರುಗಿಸಿದಾಗ ಸರಳು ಹೋಗಿ ತುದಿಗೆ ಬಡೀತದೆ” ಅಂದರು.

ಸಾಬ್ರು ಲಾರಿಯ ಕೆಳಗೆ ತೂರಿ ದಾರ ಹಿಡಿದು ಅಳೆದು ಬಂದರು. “ಚಕ್ರ ನೆಟ್ಟಗಿದ್ದಾಗ ಸರಳು ಅರ್ಧದಲ್ಲಿ ನಿಲ್ಲೋ ಹಾಗೆ ಕೂರಿಸ್ತೀನಿ ಗೌಡ್ರೇ. ಎರಡೂ ಕಡೆ ಸಾಕಾಗ್ತದೆ.”

“ತೂತು ದೊಡ್ಡದಿದೆ, ಬೋಲ್ಟು ಆಡ್ತದೆ.”

“ಒಳಗೆ ಬುಷ್ ಕೂರಿಸಿ ಬಿಗಿ ಮಾಡ್ತೀನಿ.”

ಇವರು ಕೊಳವೆಯನ್ನ ಮೇಲೆ ಕೆಳಗೆ ನೋಡಿದರು. ಇನ್ನೇನೂ ಸಿಗಲಿಲ್ಲ. “ಇವತ್ತು ಮಂಗಳವಾರ ಸಾಬ್ರೇ. ನಮ್ಮಲ್ಲಿ ಮಂಗಳವಾರ ಕಬ್ಬಿಣ ತಗೊಳ್ಳಲ್ಲ” ಅಂದರು.

ನಾನು ಸೀಟಿನಲ್ಲಿ ಕೂತಿದ್ದವಳು ಇಳಿದೇ ಬಿಟ್ಟೆ. ಮಂಗಳವಾರ! ಆ ದೊಡ್ಡ ಟಯರು ತಂದದ್ದು ಅಮಾವಾಸ್ಯೆಯ ದಿನ. ಅತ್ತೆಮ್ಮ ಬೇಡ ಬೇಡ ಅಂದರೂ, “ಟಯರಿಗೆ ಎಂತ ಅಮಾಸೆ ಅವ್ವಾ” ಅಂತ ನಕ್ಕವರು ಇವರು. ಯಾವ ಕೊಳವೆ ಸಿಕ್ಕರೂ ಈ ಮನುಷ್ಯನಿಗೆ ಬೇಡ. ಯಾಕೆ ಬೇಡ? ನನ್ನ ಅನುಮಾನ ಕೊಳವೆಯನ್ನೂ ಸಾಬ್ರನ್ನೂ ಬಿಟ್ಟು ಪೂರ್ತಿ ನನ್ನ ಗಂಡನ ಮೇಲೆ ಬಂದು ಕೂತಿತು.

“ಇಲ್ಲಿ ಕೊಡಿ ಸಾಬ್ರೇ. ನಂಗೆ ಮಂಗಳವಾರ ಇಲ್ಲ” ಅಂದೆ. ಸೆರಗು ಸಿಕ್ಕಿಸಿ, ಕೊಳವೆಯ ಒಂದು ತುದಿಯನ್ನ ಕಾಲಲ್ಲಿ ಮೆಟ್ಟಿ ಸರಳನ್ನ ಎಳೆದೆ. ಮೆಲ್ಲಗೆ ಬಂತು. ಗಕ್ಕನೆ ಎಳೆದೆ, ಬಿಗಿ ಹಿಡೀತು. ತಳ್ಳಿದೆ, ಹಾಗೇ. ನಡುವೆ ಎಲ್ಲೂ ಪೊಳ್ಳು ಇಲ್ಲ. ಗ್ಯಾರೇಜಿನವರೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ಇಳಿಸಿ ನೋಡ್ತಿದ್ದರು. “ಇದನ್ನೇ ಕೂರಿಸಿ” ಅಂದೆ. ಇವರು ಹೋಗಿ ಮರದ ಕೆಳಗೆ ಬೀಡಿ ಹಚ್ಚೋಕೆ ನೋಡಿದರು. ಕಡ್ಡಿ ಆರಿ ಆರಿ ಹೋಗ್ತಿತ್ತು. ಗಾಳಿ ಇರಲಿಲ್ಲ.

ಬಳೆ ತಗೊಳ್ಳೋದು ಮರೆತೇಹೋಯ್ತು. ಕೆಲಸ ಮುಗಿದಾಗ ಬಿಸಿಲು ಇಳೀತಿತ್ತು. ಇಮಾಮ್ ಸಾಬ್ರೇ ಒಂದು ಸುತ್ತು ಓಡಿಸಿ ಬಂದು, “ಬೆಣ್ಣೆ ಥರ ಇದೆ ಗೌಡ್ರೇ” ಅಂತ ಇಳಿದರು. ನಾವು ಹೊರಟೆವು.

ಊರು ದಾಟಿ ನೇರ ರಸ್ತೆ ಬಂತು. ಇವರು ವೇಗ ಹೆಚ್ಚಿಸಲೇ ಇಲ್ಲ.

“ಸ್ವಲ್ಪ ಜೋರಾಗಿ ಬಿಡಿ, ನೋಡೋಣ” ಅಂದೆ.

ಬಿಟ್ಟರು. ಲಾರಿ ಸುಮ್ಮನೆ ಓಡಿತು. ಕಾಲ ಕೆಳಗಿನ ಹಲಗೆ ನಡುಗಲಿಲ್ಲ, ನನ್ನ ಹಲ್ಲು ಕಟಕಟ ಅನ್ನಲಿಲ್ಲ. ನಾನು ಕೈ ಚಾಚಿ ಸ್ಟೇರಿಂಗಿನ ಮೇಲೆ ಅಂಗೈ ಇಟ್ಟೆ. ಮನೆಯ ಕಂಬ ಮುಟ್ಟಿದ ಹಾಗಿತ್ತು. ನನ್ನ ಅಂಗೈ ಪಕ್ಕದಲ್ಲೇ ಇವರ ಕೈ. ಬೆರಳಿನ ಗೆಣ್ಣು ಬೆಳ್ಳಗಾಗೋ ಹಾಗೆ ಬಿಗಿ ಹಿಡಿದಿದ್ದರು.

“ಕೈ ಸಡಿಲ ಮಾಡಿ.”

“ಡ್ರೈವರಿಗೆ ಹೇಳಿಕೊಡ್ತೀಯಾ?”

“ಸಡಿಲ ಮಾಡಿ ಅಂದೆ.”

ಲಾರಿಯನ್ನ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದರು. ಇಂಜಿನ್ನೂ ಬಂದ್ ಮಾಡಿದರು. ಆಮೇಲೆ ಕೈ ಸಡಿಲ ಬಿಟ್ಟರು. ನಿಂತ ಲಾರಿಯ ಸ್ಟೇರಿಂಗಿನ ಮೇಲೆ ಆ ಕೈ ಒಂದೇ ಸಮನೆ ನಡುಗ್ತಿತ್ತು.

ಈಗ ನನಗೆ ಎಲ್ಲಾ ಅರ್ಥವಾಯ್ತು. “ನಿಮಗೆ ಮೊದಲೇ ಗೊತ್ತಿತ್ತು” ಅಂದೆ.

“ಹೂಂ. ಟಯರು ಹಾಕಿಸೋಕೆ ಮೊದಲೇ ಶುರುವಾಗಿತ್ತು. ಸ್ಟೇರಿಂಗು ನಡುಗೋಕೆ ಹತ್ತಿದ್ದು ಒಳ್ಳೇದೇ ಆಯ್ತು ಅಂದ್ಕೊಂಡೆ. ಎಲ್ಲರೂ ಗಾಡೀದು ಅಂದ್ರು. ನಾನೂ ಗಾಡೀದು ಅಂದೆ.” ಆಮೇಲೆ ಕೆಳಗೆ ಚಕ್ರದ ಕಡೆ ಬಗ್ಗಿ ನೋಡಿ, “ಆ ಕೊಳವೆ ಇಲ್ಲದಿದ್ರೆ ಇನ್ನೂ ಸ್ವಲ್ಪ ದಿನ ಹಾಗೇ ಹೇಳಬಹುದಿತ್ತು” ಅಂದರು.

ನನಗೆ ಸಿಟ್ಟು ಬಂತು, ಸುಳ್ಳು ಹೇಳಲಾರೆ. ಆ ಕೈಯಲ್ಲಿ ಘಟ್ಟ ಇಳೀತಿದ್ದರಲ್ಲ! “ನಿಮ್ಮ ಹಿಂದೆ ಮಂಜಲ್ಲಿ ಅಷ್ಟು ಗಾಡಿ ನಂಬಿಕೊಂಡು ಬರ್ತವಲ್ಲ, ಅವರ ಗತಿ?” ಅಂದೆ.

“ಅದಕ್ಕೇ ಕಣೇ ಮುಚ್ಚಿಟ್ಟದ್ದು” ಅಂದರು. ಇವರು ಅಳೋದನ್ನ ನಾನು ಅದುವರೆಗೆ ನೋಡಿರಲಿಲ್ಲ. “ಗೊತ್ತಾದ್ರೆ ಒಬ್ಬ ಹೋಗಿ ಇನ್ನೊಬ್ಬನಿಗೆ ಹೇಳ್ತಾನೆ, ಅವನ ಕೈ ನಡುಗ್ತದೆ, ಅವನ ಹಿಂದೆ ಹೋಗಬೇಡಿ ಅಂತ. ಲೋಡು ಹೋದ್ರೆ ಹೋಗ್ಲಿ, ಗದ್ದೆ ಇದೆ. ಆ ಮಾತು ಬರಬಾರದು ನಂಗೆ. ಅಷ್ಟೇ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯ್ತೋ ಗೊತ್ತಿಲ್ಲ. ಆ ಕೈಯನ್ನ ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಾಳೆ ಬೆಳಿಗ್ಗೆ ಲೋಡು ಕಾಯ್ತಿತ್ತು. ಏನಾದರೂ ಹೇಳಲೇಬೇಕಿತ್ತು, ಅದೂ ಇವತ್ತೇ.

“ನಾಳೆಯಿಂದ ನೀವು ಗಾಡಿ ಓಡಿಸೋದು ಬೇಡ. ಬೇರೆ ಡ್ರೈವರ್ ಇಡಿ.”

“ಅವ್ವ ಕೇಳಿದ್ರೆ? ಲಾರಿಯವರು ಕೇಳಿದ್ರೆ?”

“ಹೆಂಡ್ತಿ ಬಿಡ್ತಿಲ್ಲ ಅನ್ನಿ. ಘಟ್ಟದ ಕೆಳಗೆ ಯಾರನ್ನೋ ಇಟ್ಕೊಂಡಿದೀನಿ ಅಂತ ಅವಳಿಗೆ ಅನುಮಾನ, ಲಾರಿ ಹತ್ತಿದ್ರೆ ಬಾವಿಗೆ ಹಾರ್ತೀನಿ ಅಂತಾಳೆ ಅನ್ನಿ.”

ಬಾಯಿ ತೆರೆದು ನನ್ನನ್ನೇ ನೋಡಿದರು. “ಯಾರಾದ್ರೂ ನಂಬ್ತಾರೇನೇ?”

“ನಿಮ್ಮ ಬಗ್ಗೆ ನಂಬಲ್ಲ. ನನ್ನ ಬಗ್ಗೆ ಕೂಡಲೇ ನಂಬ್ತಾರೆ” ಅಂದೆ.

ಅಳ್ತಾ ಇದ್ದವರು ನಕ್ಕುಬಿಟ್ಟರು. ನಾನು ಮಾತ್ರ ನಗಲಿಲ್ಲ. ಮನೆ ಮುಟ್ಟೋವರೆಗೆ ಮೆಲ್ಲಗೆ ಬನ್ನಿ ಅಂತ ಗದರಿಸಿ ಹೊರಡಿಸಿದೆ.

ನಂಬಿದರು ಕಣ್ರೀ, ಎಲ್ಲರೂ! ಒಬ್ಬರಾದರೂ ಒಂದು ಗಳಿಗೆಯಾದರೂ ಅನುಮಾನ ಪಡಬೇಡವೇ? ಇಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ನನಗೆ ಬುದ್ಧಿ ಹೇಳೋಕೆ ಬಂದರು. ಜಗಲಿಗೆ ಬರೋ ಲಾರಿಯವರು ಇವರ ಬೆನ್ನು ತಟ್ಟಿ ಕಣ್ಣು ಹೊಡೆದರು. ಅತ್ತೆಮ್ಮ ಬಹಳ ದಿನ ನನ್ನ ಜೊತೆ ಮಾತು ಬಿಟ್ಟರು. “ಬಂಗಾರದಂಥಾ ಮಗನ ಮೇಲೆ ಇಂಥಾ ಮಾತಾ?” ಅಂತ ಪಾತ್ರೆಗಳಿಗೆ ಹೇಳಿಕೊಂಡು ಓಡಾಡೋರು. ನನಗೆ ಅಳು ಬರ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಒಬ್ಬ ಡ್ರೈವರ್ ಬಂದ, ಕೊಳವೆ ಹಾಕಿದ ಲಾರಿ ಚೆನ್ನಾಗೇ ಓಡಿತು. ನೆಂಟರ ಮನೆಗೆ ಅಂತ ಹೇಳಿ ಇವರನ್ನ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ನರದ ದೋಷ, ಪ್ರಾಣಕ್ಕೇನೂ ಭಯವಿಲ್ಲ, ವಾಸಿಯಾಗೋದೂ ಇಲ್ಲ ಅಂದರು. ಕೆಲವರಿಗೆ ಒಂಚೂರು ಕುಡಿದರೆ ಸ್ವಲ್ಪ ಹೊತ್ತು ನಿಲ್ಲೋದೂ ಉಂಟಂತೆ. ಡಾಕ್ಟರು ಹೇಳಿದ್ದು ನಿಜವೋ ಅಥವಾ ಇವರೇ ಮೊದಲು ಹೋಗಿ ಹಾಗೆ ಹೇಳಿಸಿದ್ದೋ ಅಂತ ನಾನು ಎರಡೆರಡು ಸಲ ಕೇಳಿದೆ.

ಸುಮಾರು ವರ್ಷ ಕಳೆದ ಮೇಲೆ ಮನೆತನದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಹೆಂಗಸರ ನಡುವೆ ಅತ್ತೆಮ್ಮ ಕೂತಿದ್ದರು, ನಾನು ಬಡಿಸ್ತಿದ್ದೆ. ಎದುರಿನ ಸಾಲಿನಲ್ಲಿ ನಮ್ಮವರು, ಅವರ ಪಕ್ಕದಲ್ಲಿ ಹೊಸ ಕಾಲದ ಲಾರಿ ಹುಡುಗರು. ಹೊಸ ನೆಂಟರಲ್ಲಿ ಯಾರೋ ಅತ್ತೆಮ್ಮನನ್ನ, “ನಿಮ್ಮ ಮಗ ಲಾರಿ ಬಿಟ್ಟದ್ದು ಎಂತಕ್ಕೆ?” ಅಂತ ಕೇಳಿದರು.

ಅತ್ತೆಮ್ಮ ನನ್ನ ಕಡೆ ಗಲ್ಲ ತೋರಿಸಿ, ಎಲ್ಲರಿಗೂ ಕೇಳೋ ಹಾಗೆ ಶುರುಮಾಡಿದರು. “ಇಗೋ, ಇವಳ ಅನುಮಾನ! ಇವಳ ಕಾಟಕ್ಕೆ ಬಿಟ್ಟ. ಇಲ್ಲದಿದ್ರೆ ನನ್ನ ಮಗನ ಕೈಯಂಥಾ ಕೈ ಈ ಸೀಮೆಯಲ್ಲೇ ಇರಲಿಲ್ಲ. ಮಂಜಲ್ಲಿ ಹುಲಿಕಲ್ಲು ಇಳೀಬೇಕಾದ್ರೆ ಲಾರಿಯವರು ಇವನು ಬರೋವರೆಗೆ ಕಾಯ್ತಿದ್ರು.” ಲಾರಿ ಹುಡುಗರು ಊಟ ಬಿಟ್ಟು ನಮ್ಮವರ ಕಡೆ ತಿರುಗಿ ನೋಡಿದರು. ಇವರು ನಡುಗೋ ಕೈಯನ್ನ ಅನ್ನದೊಳಗೆ ಒತ್ತಿಟ್ಟುಕೊಂಡು ತಲೆ ಬಗ್ಗಿಸಿದ್ದರು. ಕಿವಿ ಕೆಂಪಾಗಿತ್ತು.

ಅತ್ತೆಮ್ಮ ಅಲ್ಲಿಗೆ ನಿಲ್ಲಿಸಿ ಸಾರಿಗೆ ಕೈ ಹಾಕಿದರು. ಇವರ ಕಿವಿ ಎರಡೂ ಇನ್ನೂ ಇತ್ತ ಕಡೆಯೇ ಇತ್ತು. ನಾನು ಪಾಯಸದ ಪಾತ್ರೆ ಹಿಡಿದು ಅವರ ಎದುರೇ ನಿಂತೆ.

“ಹೋಗಿ ಅತ್ತೆಮ್ಮಾ, ಅಷ್ಟೊಂದು ದೊಡ್ಡ ಡ್ರೈವರ್ ಏನಲ್ಲ ಬಿಡಿ” ಅಂದೆ.

“ಎಂತ ಅಂದೆ?” ಅಂತ ಅತ್ತೆಮ್ಮ ಸಾರು ಬಿಟ್ಟು, ದನಿ ಏರಿಸಿ, ಮೊದಲಿನಿಂದ ಶುರುಮಾಡಿದರು.